ಮೇಣದಲ್ಲಿ ಉಳಿದ ದನಿ



ಶಬ್ದವು ಆಕಾಶದ ಗುಣ, ಅದು ಹುಟ್ಟಿದ ಮೂರನೆಯ ಕ್ಷಣಕ್ಕೆ ಅಳಿಯುತ್ತದೆ ಎನ್ನುತ್ತಾರೆ ತಾರ್ಕಿಕರು. ಮೀಮಾಂಸಕರು ಇದನ್ನೊಪ್ಪರು, ಅವರ ಮತದಲ್ಲಿ ಶಬ್ದ ನಿತ್ಯ. ಈ ವಾದ ಮುಗಿದಿಲ್ಲ, ಮುಗಿಯುವುದೂ ಇಲ್ಲ. ನಡುವೆ 1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ನರು ಫೋನೋಗ್ರಾಫ್ ಎಂಬ ಯಂತ್ರವನ್ನು ನಿರ್ಮಿಸಿ, ಆಡಿದ ಮಾತನ್ನು ತವರದ ತೆಳುಹಾಳೆಯ ಮೇಲೆ ಹಿಡಿದು ನಿಲ್ಲಿಸಿದರು.

ಯಂತ್ರವೇನೋ ಸರಳವಾದುದು. ಕಹಳೆಯ ಬಾಯಿಗೆ ಮಾತನಾಡಿದರೆ ಒಳಗಿನ ತೆಳುಪೊರೆ ನಡುಗುತ್ತದೆ. ಪೊರೆಗೆ ಜೋಡಿಸಿದ ಮುಳ್ಳು ತಿರುಗುವ ಉರುಳೆಯ ಮೇಲೆ ಗೆರೆ ಕೊರೆಯುತ್ತದೆ. ಅದೇ ಗೆರೆಯಲ್ಲಿ ಮತ್ತೆ ಮುಳ್ಳನ್ನು ಹಾಯಿಸಿದರೆ ಹೋದ ಮಾತು ಮರಳಿ ಬರುತ್ತದೆ. ಮುಂದೆ ತವರ ಹೋಗಿ ಮೇಣದ ಉರುಳೆ ಬಂದಿತು. ಮೇಣ ಮೆದು ನೋಡಿ, ಕೇಳಿದಷ್ಟೂ ಗೆರೆ ಸವೆಯುತ್ತದೆ. ಕೇಳದೆ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ!

1890ರ ಮಾರ್ಚ್ ತಿಂಗಳಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಎಂಬ ವಿದ್ವಾಂಸರು ಈ ಯಂತ್ರವನ್ನು ಹೊತ್ತು ಅಮೆರಿಕದ ಮೇನ್ ರಾಜ್ಯದ ಕ್ಯಾಲಿಸ್ ಎಂಬ ಊರಿಗೆ ಹೋದರು. ಅಲ್ಲಿಯ ಮೂಲನಿವಾಸಿಗಳು ಪಾಸಮಕ್ವಾಡಿ ಜನ. ಅವರಲ್ಲಿ ನೋಯೆಲ್ ಜೋಸೆಫ್ಸ್, ಪೀಟರ್ ಸೆಲ್ಮೋರ್ ಮೊದಲಾದವರು ಕಹಳೆಯ ಮುಂದೆ ಕುಳಿತು ಹಾಡಿದರು, ಕಥೆ ಹೇಳಿದರು, ತಮ್ಮ ನುಡಿಯಲ್ಲಿ ಅಂಕಿಗಳನ್ನು ಎಣಿಸಿದರು. ಒಂದು ಉರುಳೆಗೆ ಹಿಡಿಯುವುದು ಎರಡು ಮೂರು ನಿಮಿಷದ ಮಾತು ಮಾತ್ರ. ಜನರಿದ್ದಲ್ಲಿಗೇ ಹೋಗಿ ಅವರ ದನಿಯನ್ನು ಹಿಡಿದಿಟ್ಟ ಕಾರ್ಯಗಳಲ್ಲಿ ಇದೇ ಮೊದಲನೆಯದೆಂದು ಬಲ್ಲವರು ಎಣಿಸುತ್ತಾರೆ. ಉಳಿದ 31 ಉರುಳೆಗಳು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪೀಬಡಿ ವಸ್ತುಸಂಗ್ರಹಾಲಯದಲ್ಲಿದ್ದು, ಅನಂತರ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾಗ್ರಂಥಭಂಡಾರವನ್ನು ಸೇರಿದವು.

ಹಾಡಿದವರ ಮನೆಗೆ ಮಾತ್ರ ಬರಲಿಲ್ಲ. ಅವುಗಳ ನಕಲು ಆ ಜನರ ಕೈ ಸೇರಿದ್ದು 1980ರಲ್ಲಿ. ತೊಂಬತ್ತು ವರ್ಷ, ಬಾಂಧವರೇ! ಮೊಮ್ಮಕ್ಕಳೇ ಮುದುಕರಾಗುವಷ್ಟು ಕಾಲ. ಫ್ಯೂಕ್ಸರು ಹೋಗದಿದ್ದರೆ ಆ ದನಿ ಉಳಿಯುತ್ತಲೇ ಇರಲಿಲ್ಲ, ಆ ಪುಣ್ಯ ಅವರಿಗೆ ಸಲ್ಲಲಿ. ಆದರೆ ಅಜ್ಜನ ದನಿಯನ್ನು ಪರರು ಸಂದೂಕದಲ್ಲಿ ಕಾಪಾಡಿದರೆ ಮೊಮ್ಮಗನ ಕಿವಿಗೆ ಅದು ಮುಟ್ಟಿದಂತಾಯಿತೇ? ಆ ನಕಲಿನಲ್ಲಾದರೂ ಗೊರಗೊರ ಸದ್ದೇ ಹೆಚ್ಚಾಗಿತ್ತು. ಈಚೆಗೆ ಗಣಕಯಂತ್ರದ ನೆರವಿನಿಂದ ಸದ್ದನ್ನು ಶೋಧಿಸಿದ ಮೇಲೆ ಪದಗಳು ಬಿಡಿಬಿಡಿಯಾಗಿ ಕೇಳತೊಡಗಿದವು. ಪಾಸಮಕ್ವಾಡಿ ಭಾಷಾಶಿಕ್ಷಕರಾದ ಡ್ವೇನ್ ಟೋಮಾ ಅವರು ಮತ್ತೆ ಮತ್ತೆ ಆಲಿಸಿ ಅವನ್ನು ಬರೆದುಕೊಂಡರು. ಆ ಹಾಡುಗಳನ್ನು ತಾವೇ ಹಾಡಿದರು, ಎಳೆಯರಿಗೂ ಕಲಿಸಿದರು. ಯಾವ ಉರುಳೆಯನ್ನು ಲೋಕವೆಲ್ಲ ಕೇಳಬಹುದು, ಯಾವುದು ತಮ್ಮವರ ಕಿವಿಗೆ ಮಾತ್ರ ಎಂದು ಈಗ ನಿರ್ಣಯಿಸುವವರು ಆ ಜನರೇ.