ಸೋಸಿದ ನೀರು ಮತ್ತು ಮಕ್ಕಳ ವಿಜ್ಞಾನ

(ವಾಕಡದಲ್ಲಿ ಸೇರಿದ್ದ ಕನ್ನಡ ಜೈನ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರೆಹರೂಪ)



ಮಕ್ಕಳಿಗೆ ಮನೆಯಲ್ಲಿಯೇ ಪಾಠ ಕಲಿಸುವ ಕೆಲವು ಕುಟುಂಬಗಳು ನಮ್ಮ ನಡುವೆ ಇವೆ. ಭಾಷೆಗೂ ಗಣಿತಕ್ಕೂ ದಾರಿ ಕಾಣುತ್ತದೆ. ಪ್ರಯೋಗಶಾಲೆಯಿಲ್ಲದೆ ವಿಜ್ಞಾನವನ್ನು ಕಲಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ನಾನು ವಿಜ್ಞಾನಿಯಲ್ಲ, ಲೆಕ್ಕಪರಿಶೋಧಕ. ಆದರೆ ವೋಚರ್ ಇಲ್ಲದ ಖರ್ಚನ್ನು ಒಪ್ಪಬಾರದೆಂಬ ನನ್ನ ವೃತ್ತಿಯ ನಿಯಮಕ್ಕೂ, ಪುರಾವೆಯಿಲ್ಲದ ಮಾತನ್ನು ಒಪ್ಪಬಾರದೆಂಬ ವಿಜ್ಞಾನದ ನಿಯಮಕ್ಕೂ ಹತ್ತಿರದ ನಂಟಿದೆ.

ಸಾಮಗ್ರಿಗೆ ಕೊರತೆಯಿಲ್ಲ. ಪುಣೆ ವಿದ್ಯಾಪೀಠದ ಆವರಣದಲ್ಲಿರುವ ಆಯುಕಾ ಸಂಸ್ಥೆಯಲ್ಲಿ ಮುಕ್ತಾಂಗಣ ವಿಜ್ಞಾನ ಶೋಧಿಕಾ ಎಂಬ ಮಕ್ಕಳ ಕೇಂದ್ರವಿದೆ. ಅಲ್ಲಿ ಹಲವು ವರ್ಷ ದುಡಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬು, ಹಳೆಯ ಪತ್ರಿಕೆಗಳಿಂದ ಮಾಡಬಹುದಾದ ನೂರಾರು ಪ್ರಯೋಗಗಳನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಫೆಬ್ರವರಿ 28ರ ವಿಜ್ಞಾನ ದಿನದಂದು ಆಯುಕಾ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಕನ್ನಡದಲ್ಲಿ ಓದಲು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಪತ್ರಿಕೆಯಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ 14 ವರ್ಷ ತುಂಬಿದ ಮಗು ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡಬಹುದು. ಅಲ್ಲಿ ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ.

ಆದರೆ ಸಾಮಗ್ರಿಗಿಂತ ದೊಡ್ಡದು ನಮ್ಮ ಮನೋಧರ್ಮ. ಒಂದು ಹನಿ ನೀರಿನಲ್ಲಿ 36,450 ಜೀವಿಗಳಿವೆಯೆಂದು ಕ್ಯಾಪ್ಟನ್ ಸ್ಕೋರ್ಸ್‌ಬಿ ಎಂಬವರು ಸೂಕ್ಷ್ಮದರ್ಶಕದಿಂದ ಕಂಡರೆಂಬ ಮಾತನ್ನು ನಾವೆಲ್ಲ ಪ್ರವಚನಗಳಲ್ಲಿ ಕೇಳಿದ್ದೇವೆ, ಮೊಬೈಲಿನಲ್ಲಿ ಹಂಚಿದ್ದೇವೆ. ಇದನ್ನು ಮಗು ಬಾಯಿಪಾಠ ಮಾಡುವುದು ಬೇಡ, ಪರೀಕ್ಷಿಸಲಿ. ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಮುಳಾ ನದಿಯ ಒಂದು ಹನಿ, ನಲ್ಲಿಯ ಒಂದು ಹನಿ, ಹೂಕುಂಡದ ತಟ್ಟೆಯಲ್ಲಿ ನಿಂತ ನೀರಿನ ಒಂದು ಹನಿ: ಮೂರನ್ನೂ ನೋಡಿ, ಎಣಿಸಿ, ಬರೆಯಲಿ. ಹನಿ ಒಣಗುವ ಮುನ್ನ ಅದನ್ನು ಬಂದ ನೀರಿಗೇ ಸೇರಿಸಲಿ. ಸೋಸುಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಮೂಲ ನೀರಿಗೆ ಮರಳಿಸುವ ನಮ್ಮ ಹಿರಿಯರ ಪದ್ಧತಿಯೇ ಇಲ್ಲಿ ಪ್ರಯೋಗದ ನಿಯಮವಾಗುತ್ತದೆ.

ಬಳಿಕ ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ನೋಡಲಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್‌ವೆಲ್ ಮತ್ತು ಸಂಗಡಿಗರು ಹಳೆಯ ಸೀರೆಯ ಬಟ್ಟೆಯನ್ನು ಹಲವು ಪದರವಾಗಿ ಮಡಿಸಿ ನೀರು ಸೋಸುವಂತೆ ಮಾಡಿದಾಗ ಕಾಲರಾ 48 ಪ್ರತಿಶತ ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು. ಅಂತಹ ಬಟ್ಟೆ ಸುಮಾರು 20 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಐವತ್ತರಲ್ಲೊಂದು ಭಾಗಕ್ಕಿಂತ ದೊಡ್ಡದನ್ನು ತಡೆಯುತ್ತದೆ. ಕಾಲರಾ ರೋಗಾಣುಗಳು ಅಂಟಿಕೊಂಡಿರುವ ಸಣ್ಣ ಜಲಜೀವಿಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಒಂಟಿಯಾಗಿ ತೇಲುವ ರೋಗಾಣುಗಳು ನುಸುಳಿಹೋಗುತ್ತವೆ. ಸೋಸುವುದರ ಗುಣವನ್ನೂ ಮಿತಿಯನ್ನೂ ಮಗು ಒಟ್ಟಿಗೇ ಅರಿಯುತ್ತದೆ. ನೀರನ್ನು ಕುದಿಸಬೇಕೇಕೆ ಎಂಬುದನ್ನೂ ತಿಳಿಯುತ್ತದೆ.

ಈಗ ಕಠಿಣವಾದ ಮಾತು. ಮೂರು ಹನಿಗಳಲ್ಲಿ ಮೂರು ಬಗೆಯ ಎಣಿಕೆ ಬರುತ್ತದೆ. "ಅಪ್ಪಾಜಿ, 36,450 ಎಲ್ಲಿಯೂ ಬರಲಿಲ್ಲ" ಎಂದು ಮಗು ಹೇಳಿದಾಗ ನಾವೇನು ಉತ್ತರಿಸುತ್ತೇವೆ? "ಸುಮ್ಮನಿರು, ದೊಡ್ಡವರು ಹೇಳಿದ್ದಾರೆ" ಎಂದರೆ ಅಲ್ಲಿಗೆ ವಿಜ್ಞಾನದ ಪಾಠ ಮುಗಿಯಿತು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪಠ್ಯದಿಂದ ವಿಕಾಸವಾದವನ್ನು ಕೈಬಿಟ್ಟಾಗ ನಮ್ಮಲ್ಲಿ ಅನೇಕರು ಆಕ್ಷೇಪಿಸಿದೆವು. ಸರ್ಕಾರ ಕತ್ತರಿಸಿದರೆ ತಪ್ಪು, ನಾವು ಕತ್ತರಿಸಿದರೆ ಸಂಸ್ಕಾರ ಎನ್ನಲಾದೀತೇ? ಅಹಿಂಸೆ ಒಂದು ಸಂಖ್ಯೆಯ ಮೇಲೆ ನಿಂತಿಲ್ಲ. ಹನಿಯಲ್ಲಿ ಒಂದೇ ಜೀವಿ ಚಲಿಸಿದರೂ ಕರುಣೆಗೆ ಅದು ಸಾಕು. ಸಂಖ್ಯೆ ಸುಳ್ಳಾದರೆ ಧರ್ಮ ಸುಳ್ಳಾಗುವುದೆಂಬ ಭಯವನ್ನು ಮಗುವಿನಲ್ಲಿ ಬಿತ್ತುವವರು ನಾವೇ.

ಈ ಎಣಿಕೆಗಳನ್ನು ಮಗು ಕನ್ನಡದಲ್ಲಿಯೇ ಬರೆದಿಡಲಿ. 12ನೆಯ ಶತಮಾನದಲ್ಲಿ ಜೈನ ಕವಿ ರಾಜಾದಿತ್ಯ ಗಣಿತವನ್ನೇ ಕನ್ನಡದಲ್ಲಿ ಬರೆದ. ಪುಣೆಯಲ್ಲಿದ್ದೇವೆಂಬ ಕಾರಣಕ್ಕೆ ನಮ್ಮ ಮಕ್ಕಳಿಗೆ ಆ ಹಕ್ಕು ತಪ್ಪಬಾರದು. ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಮು ಎಳೆಯಿರಿ: ದಿನಾಂಕ, ನೀರಿನ ಮೂಲ, ಸೋಸುವ ಮುನ್ನ ಕಂಡದ್ದು, ಸೋಸಿದ ಬಳಿಕ ಕಂಡದ್ದು. ಮಗು ಬರೆದ ಅಂಕಿಯನ್ನು ಯಾರೂ ತಿದ್ದಬೇಡಿ. ಸಂಶಯ ಬಂದರೆ ಇನ್ನೊಂದು ಹನಿಯನ್ನು ನೋಡಿರಿ.

ಜೈ ಜಿನೇಂದ್ರ.