ಗಾಜಿನಲ್ಲಿ ಬೆಳಕು ಹಾಯಲಿ



ಕಾರಿನ ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದಕ್ಕೆ ಪೊಲೀಸರು ದಂಡ ಹಾಕಿದರೆಂದು ಕೆಲವರು ನಮ್ಮೆದುರು ನೊಂದುಕೊಳ್ಳುತ್ತಾರೆ. 1989ರ ಮೋಟಾರು ವಾಹನ ನಿಯಮ ಹೇಳುವುದಿಷ್ಟೇ: ಮುಂದಿನ, ಹಿಂದಿನ ಗಾಜಿನಲ್ಲಿ ನೂರಕ್ಕೆ 70, ಪಕ್ಕದ ಗಾಜುಗಳಲ್ಲಿ 50 ಪಾಲು ಬೆಳಕು ಹಾಯಬೇಕು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನೇ ಆಧರಿಸಿ ಕಪ್ಪು ಹಾಳೆಗಳನ್ನು ತೆಗೆಸಲು ಆಜ್ಞಾಪಿಸಿತು.

ಬಿಸಿಲಿನ ತಾಪ ನಿಜ. ಆದರೆ ಇರುಳಿನಲ್ಲಿ ರಸ್ತೆ ದಾಟುವ ಮುದುಕಿ ಚಾಲಕನಿಗೆ ಕಾಣದಿದ್ದರೆ, ನಮ್ಮ ತಂಪಿಗಾಗಿ ಅವಳು ಪ್ರಾಣ ತೆರಬೇಕೆ? ಒಳಗೆ ಸಿಕ್ಕಿಬಿದ್ದ ಹೆಣ್ಣುಮಗಳ ಕೂಗು ಹೊರಗೆ ಕೇಳದು, ಮುಖವಾದರೂ ಕಾಣಬೇಡವೆ? ದಂಡ ಕಟ್ಟಿ ಹಾಳೆ ಉಳಿಸಿಕೊಂಡರೆ ಹಣ ಹೋಯಿತು, ಕತ್ತಲೆ ಉಳಿಯಿತು. ಹಾಳೆಯನ್ನೇ ಕಿತ್ತುಹಾಕಿರಿ. ತಾನು ಎಲ್ಲರನ್ನೂ ನೋಡಬೇಕು, ತನ್ನನ್ನು ಯಾರೂ ನೋಡಬಾರದೆಂಬುದು ಬೀದಿಯ ಧರ್ಮವಲ್ಲ.