ಕಸುಬನ್ನು ಕೆತ್ತಿಸಿದ ಮನೆ

ಹೊಸಪೇಟೆಯ ಕಡೆಯವರಾದ ನೀವು ಹಂಪಿಯ ಮಹಾನವಮಿ ದಿಬ್ಬವನ್ನು ಹಲವು ಸಲ ನೋಡಿರುತ್ತೀರಿ. ಆನೆ, ಕುದುರೆ, ಬೇಟೆ, ಕುಣಿತ: ಆ ಕಲ್ಲುಗಳಲ್ಲಿ ಕಣ್ಣು ತುಂಬುವುದು ಅರಸರ ವೈಭವ. ಅರಸನಲ್ಲದೆ, ಬಟ್ಟೆ ತಯಾರಿಸಿ ಸಿರಿವಂತನಾದವನು ತನ್ನ ಮನೆಯಲ್ಲಿ ಏನನ್ನು ಕೆತ್ತಿಸಬಹುದು? ಅಂಥ ಒಂದು ಮನೆ ಜರ್ಮನಿಯ ಮೊನ್‌ಶಾವ್ ಎಂಬ ಸಣ್ಣ ಊರಿನಲ್ಲಿದೆ.

ಬೆಲ್ಜಿಯಂ ಗಡಿಯ ಬಳಿ, ಐಫೆಲ್ ಗುಡ್ಡಗಳ ಇಕ್ಕಟ್ಟಾದ ಕಣಿವೆಯಲ್ಲಿ ಈ ಊರಿದೆ. ಇಲ್ಲಿನ 'ಕೆಂಪು ಮನೆ'ಯನ್ನು 1752ರ ಸುಮಾರಿಗೆ ಕಟ್ಟಿಸಿದವನು ಉಣ್ಣೆಬಟ್ಟೆಯ ತಯಾರಕ ಯೋಹಾನ್ ಹೈನ್ರಿಖ್ ಶೈಬ್ಲರ್ (1705-1765). ಸ್ಪೇನಿನ ಮೆರಿನೊ ಉಣ್ಣೆಯನ್ನು ತರಿಸಿ ನಯವಾದ ಬಟ್ಟೆ ಮಾಡಿಸಿ ಹೆಸರಾದವನು.

ಆತನ ಏಳಿಗೆಗೆ ನೀರೂ ಕಾರಣ. ಮನೆಯಿರುವುದು ಒಂದು ತೊರೆ ರೂರ್ ನದಿಯನ್ನು ಕೂಡುವ ಕಡೆ. ಆ ನೀರಿನಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಒಡೆಯುವುದನ್ನು ನೀವು ಬಲ್ಲಿರಿ. ಮೆದು ನೀರಿನಲ್ಲಾದರೆ ಉಣ್ಣೆ ಚೆನ್ನಾಗಿ ತೊಳೆಯುತ್ತದೆ, ಬಣ್ಣವೂ ಒಂದೇ ಸಮನಾಗಿ ಹಿಡಿಯುತ್ತದೆ.

ಹೊರಗಿನಿಂದ ಒಂದೇ ಆಗಿ ಕಾಣುವ ಈ ಕಟ್ಟಡ ನಿಜವಾಗಿ ಜೋಡಿಮನೆ. ಒಂದು ಭಾಗಕ್ಕೆ 'ಚಿನ್ನದ ಶಿರಸ್ತ್ರಾಣ', ಇನ್ನೊಂದಕ್ಕೆ 'ಪೆಲಿಕನ್' ಎಂದು ಹೆಸರು. ಒಂದರಲ್ಲಿ ಸಂಸಾರ, ಮತ್ತೊಂದರಲ್ಲಿ ವ್ಯವಹಾರ. ಒಳಗೆ ಮೂರು ಅಂತಸ್ತುಗಳಿಗೆ ಏರುವ ಓಕ್ ಮರದ ಮೆಟ್ಟಿಲುಸಾಲು ಇದೆ. ನಡುವೆ ಆಧಾರದ ಕಂಬವಿಲ್ಲದೆ ಸುರುಳಿಯಾಗಿ ಮೇಲೇರುವ ಅದರ ಕಟಾಂಜನದಲ್ಲಿ ಬಟ್ಟೆ ತಯಾರಿಕೆಯ 21 ದೃಶ್ಯಗಳನ್ನು ಕೆತ್ತಲಾಗಿದೆ. ಉಣ್ಣೆ ತೊಳೆಯುವುದು, ನೂಲುವುದು, ನೇಯುವುದು, ಬಣ್ಣ ಹಾಕುವುದು, ಎಲ್ಲವೂ ಉಂಟು. ಮನೆಗೆ ಬಂದ ಅತಿಥಿ ಮೆಟ್ಟಿಲೇರುತ್ತಲೇ ಯಜಮಾನನ ಸಂಪತ್ತಿನ ಮೂಲವನ್ನು ಕಾಣುತ್ತಿದ್ದ.

ಆದರೆ ಇಲ್ಲೊಂದು ಸಂಗತಿಯನ್ನು ಗಮನಿಸಿ. ಕೆತ್ತನೆಯಲ್ಲಿ ದುಡಿಯುತ್ತಿರುವವರು ದುಂಡುಮೈಯ ಪುಟ್ಟ ಮಕ್ಕಳು! ಅವರಿಗೆ ದಣಿವಿಲ್ಲ, ಬೆನ್ನುನೋವಿಲ್ಲ, ಕೂಲಿಯ ಚಿಂತೆಯಿಲ್ಲ. ನಿಜವಾಗಿ ನೂತವರು, ನೇಯ್ದವರು ಈ ಮೆಟ್ಟಿಲಿನ ಮೇಲೆ ಕಾಣುವುದಿಲ್ಲ. ಕಸುಬಿಗೆ ಗೌರವ ಸಂದಿತು, ಕಸುಬುದಾರನಿಗೆ ಸಲ್ಲಲಿಲ್ಲ.

ಯಂತ್ರಯುಗ ಬಂದು ಮೊನ್‌ಶಾವ್‌ನ ಬಟ್ಟೆಯ ಉದ್ಯಮ ಅಳಿಯಿತು. ಮನೆ ಉಳಿದು ಇಂದು ವಸ್ತುಸಂಗ್ರಹಾಲಯವಾಗಿದೆ. ನಿಮ್ಮ ಊರಿನಲ್ಲೂ ಹತ್ತಿ, ಎಣ್ಣೆ, ಬೆಲ್ಲದ ಕಸುಬಿನಿಂದ ಎದ್ದ ಹಳೆಯ ಮನೆಯಿದ್ದರೆ ಒಮ್ಮೆ ಒಳಗೆ ಹೋಗಿ ನೋಡಿ. ಸರಕು ಎಲ್ಲಿ ತೂಗುತ್ತಿದ್ದರು, ಲೆಕ್ಕ ಎಲ್ಲಿ ಬರೆಯುತ್ತಿದ್ದರು ಎಂದು ಹಿರಿಯರನ್ನು ಕೇಳಿ. ಅಲ್ಲಿ ದುಡಿದವರ ಹೆಸರುಗಳನ್ನೂ ಮರೆಯದೆ ಬರೆದುಕೊಳ್ಳಿ.